ತುಟಿಮಾತು

ಮಾರ್ಚ್ ೩, ಮಂಗಳವಾರ

ಇದನ್ನು ಯಾರೂ ಓದಬಾರದು. ಕಾಗುಣಿತ ಮುಗಿದು ಒತ್ತಕ್ಷರ ಅರ್ಧ ಆಗಿದ್ದಾಗ ನನ್ನ ಶಾಲೆ ನಿಂತಿತು. ನಡುವೆ ಮತ್ತೊಂದು ವರ್ಷ ಕಳಿಸಿದರು, ಮತ್ತೆ ನಿಂತಿತು. ಉಳಿದ ಒತ್ತುಗಳನ್ನು ಬಸ್ಸಿನ ಬೋರ್ಡು, ಗೋಡೆ ಮೇಲಿನ ಜಾಹೀರಾತು ನೋಡಿಕೊಂಡು ಕಲಿತೆ. ತಪ್ಪಿದ್ದರೆ ತಪ್ಪೇ ಇರಲಿ. ಹೇಳಿಕೊಳ್ಳಲು ಯಾರೂ ಇಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಇವತ್ತು ನಾದಿನಿ ಬಂದಿದ್ದರು. ನನ್ನ ಗಂಡನ ಅಕ್ಕ. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ ಅಂತ ಹೇಳುವ ಕೆಲಸ ಅವರದು. ಮನೆಯಲ್ಲಿ ಮಾತಾಡಿದರೂ ಯಾವುದೋ ಬಸ್ಸು ಈಗಲೇ ಹೊರಟುಬಿಡುತ್ತದೆ ಅನ್ನಿಸುತ್ತದೆ. ನನ್ನ ಮಗಳು ಚೋಟಿಯನ್ನು ತೊಡೆ ಮೇಲೆ ಕೂರಿಸಿಕೊಂಡು ನಿನ್ನ ಹೆಸರೇನು, ಇದೇನು, ಅದೇನು ಅಂತ ಕೇಳಿದ್ದೇ ಕೇಳಿದ್ದು. ಅವಳು ಅವರ ಗಲ್ಲ ಹಿಡಿದುಕೊಂಡು ಬಾಯನ್ನೇ ನೋಡುತ್ತಾ ಕೂತಳು. ತುಟಿ ಒಂದೆರಡು ಸಲ ಅಲುಗಿತು. ನಾದಿನಿ ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದರು. ಒಂದು ಸದ್ದೂ ಇಲ್ಲ. ಮೂರು ತುಂಬಿ ಆಯಿತು ಅವಳಿಗೆ.

"ಶಿಶುವಿಹಾರ ತೆರೆಯೋ ಹೊತ್ತಿಗೆ ಇದು ಬಾಯಿ ಬಿಡ್ಲಿಲ್ಲ ಅಂದ್ರೆ ನಾನು ಕರ್ಕೊಂಡು ಹೋಗ್ತೀನಿ ಕಣೇ. ನಮ್ಮನೇಲಿ ಎರಡು ಬಾಯಿಬಡುಕ ಮುಂಡೇವು ಇದಾವೆ. ಅವುಗಳ ಜೊತೆ ಬಿಟ್ರೆ ಇದೂ ವಟವಟ ಅನ್ನತ್ತೆ. ತಮ್ಮನ ಹತ್ರ ಫೋನಲ್ಲಿ ಮಾತಾಡಾಯ್ತು."

ನನ್ನ ಗಂಡ ಲಾರಿ ಓಡಿಸುತ್ತಾರೆ. ಮನೆಗೆ ಬರುವುದೇ ಅಪರೂಪ. ಅವರು ಹೂಂ ಅಂದುಬಿಟ್ಟಿರಬೇಕು.

ನಾನು ತಲೆ ಆಡಿಸಿದೆ. ಯಾಕೆ ಆಡಿಸಿದೆನೋ.

ಅತ್ತೆ ಮೂಲೆಯಲ್ಲಿ ಕೂತು ಏನೋ ಅಂದರು. ನಾದಿನಿ ನನ್ನ ಕಡೆ ತಿರುಗಿ, "ಅಮ್ಮ ಏನಂತಾಳೆ?" ಅಂದರು. "ಹಾಲು ಕುಡ್ಕೊಂಡು ಹೋಗು ಅಂತಿದಾರೆ ಅಕ್ಕಾ" ಅಂದೆ. ಅತ್ತೆ ಅಂದದ್ದು ಬೇರೆ. 'ಇವಳು ಬಾಯಿಗೆ ಬೀಗ ಹಾಕೋದು ಯಾವಾಗ' ಅಂದಿದ್ದರು.

ಮಾರ್ಚ್ ೬, ಶುಕ್ರವಾರ

ಪರೀಕ್ಷೆ ಮಾಡಿದೆ. ಚೋಟಿ ಬಾಗಿಲ ಕಡೆ ಮುಖ ಮಾಡಿ ಅಂಗಿ ಗುಂಡಿಗಳ ಡಬ್ಬಿ ಇಟ್ಟುಕೊಂಡು ಆಡುತ್ತಿದ್ದಳು. ಹಿಂದೆ ಹೋಗಿ ಚಪ್ಪಾಳೆ ತಟ್ಟಿದೆ. ತಿರುಗಲಿಲ್ಲ. ಸ್ಟೀಲಿನ ತಟ್ಟೆ ಎತ್ತಿ ನೆಲಕ್ಕೆ ಬಿಟ್ಟೆ. ಚೋಟಿ ತಿರುಗಲಿಲ್ಲ, ಅತ್ತೆ ತಿರುಗಲಿಲ್ಲ. ಬೆಚ್ಚಿಬಿದ್ದವಳು ನಾನೊಬ್ಬಳೇ.

ಅತ್ತೆಯ ಕಿವಿ ಗಿರಣಿಯಲ್ಲಿ ಹೋದದ್ದು. ಮಗುವಿನ ಕಿವಿ ಎಲ್ಲಿ ಹೋಗಿರುತ್ತದೆ? ಹೊಟ್ಟೆಯಲ್ಲಿ ಇದ್ದಾಗ ಏಳನೇ ತಿಂಗಳವರೆಗೂ ಮಗ್ಗದ ಮುಂದೆ ನಿಂತಿದ್ದೆ. ಆ ಸದ್ದು ಹೊಟ್ಟೆಯೊಳಗೆ ಹೋಗಿರುತ್ತದಾ? ಯಾರನ್ನು ಕೇಳಲಿ?

ಇವತ್ತಿಗೆ ಸಾಕು.

ಮಾರ್ಚ್ ೧೧, ಬುಧವಾರ

ಮಗ್ಗದ ಶೆಡ್ಡಿನಲ್ಲಿ ಇವತ್ತು ಎರಡು ಸಲ ಎಳೆ ಹರಿಯಿತು. ಎರಡು ಸಲವೂ ನಾನು ನೋಡಲೇ ಇಲ್ಲ. ಪಕ್ಕದ ಮಗ್ಗದವಳು, ಎತ್ತರ ಇದ್ದಾಳೆ ಅಂತ ಎಲ್ಲರೂ ಉದ್ದಕ್ಕ ಅನ್ನುವುದು, ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ನಮ್ಮಲ್ಲಿ ಕರೆಯುವುದು ಹಾಗೇ. ಲಾಳಿ ಬಡಿಯುವ ಸದ್ದಿನಲ್ಲಿ ಕೂಗಿದರೆ ಯಾರಿಗೂ ಕೇಳುವುದಿಲ್ಲ. ಹತ್ತಿರ ಇದ್ದರೆ ಗಲ್ಲ, ದೂರ ಇದ್ದರೆ ಕೈ. ಆಮೇಲೆ ತುಟಿ ಆಡಿಸಿದರೆ ಆಯಿತು. ಧ್ವನಿ ದಂಡ. ತುಟಿಮಾತು ಅನ್ನುತ್ತೇವೆ ನಾವು.

"ನಿನ್ನ ಮುಖ ನೋಡಿದ್ರೆ ನೂಲು ತಾನಾಗೇ ಹರ್ಕೊಳತ್ತೆ. ಏನಾಯ್ತು?" ಅಂದಳು ಉದ್ದಕ್ಕ.

"ಮಗು ಹೊರಗಿನವರ ಹತ್ರ ಮಾತಾಡ್ತಿಲ್ಲ."

"ನಂದು ನಿಲ್ಲಿಸ್ತಿಲ್ಲ. ಬದಲಾಯಿಸ್ಕೊಳ್ಳೋಣ್ವಾ?"

ನಗು ಬಂತು. ಬಂದದ್ದಕ್ಕೆ ಆಮೇಲೆ ಹೆದರಿಕೆಯಾಯಿತು. ಮಗಳ ಕಿವಿ ಹೋಗಿರುವಾಗ ನಗುತ್ತಾ ನಿಂತಿದ್ದೇನಲ್ಲ ಅಂತ.

ಆಸ್ಪತ್ರೆಗೆ ಹೋಗು ಅಂದಳು. ಮೇಸ್ತ್ರಿಯನ್ನು ರಜೆ ಕೇಳಬೇಕು. ಕೇಳಲು ಹೋದೆ. ಅವರು ತಲೆ ಎತ್ತಿದರು. ಏನೂ ಇಲ್ಲ ಅಂದು ವಾಪಸು ಬಂದೆ.

ಮಾರ್ಚ್ ೧೯, ಗುರುವಾರ

ಉದ್ದಕ್ಕನೇ ಮೇಸ್ತ್ರಿಗೆ ಹೇಳಿ ರಜೆ ಕೊಡಿಸಿದಳು.

ಕಿವಿ ಡಾಕ್ಟರು ಚೋಟಿಯನ್ನು ಗಾಜಿನ ಕೋಣೆಯಲ್ಲಿ ಕೂರಿಸಿದರು. ತಲೆಯಷ್ಟೇ ದೊಡ್ಡ ಹೆಡ್‌ಫೋನು ಹಾಕಿದರು. ಪಿಳಿಪಿಳಿ ನೋಡಿದಳು ನನ್ನನ್ನು. ಸದ್ದು ಬಂದರೆ ಬುಟ್ಟಿಗೆ ಮಣಿ ಹಾಕಬೇಕು ಅಂತ ಅವಳಿಗೆ ತೋರಿಸಿಕೊಟ್ಟರು. ನಾನು ಗಾಜಿನ ಈಚೆ ಕೂತು ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದೆ.

ಮಣಿ ಹಾಕಿದಳು. ಮತ್ತೆ ಹಾಕಿದಳು. ಈಚೆ ಕೂತ ನನಗೆ ಒಂದೂ ಕೇಳುತ್ತಿರಲಿಲ್ಲ, ಅವಳು ಹಾಕುತ್ತಲೇ ಇದ್ದಳು.

"ಕಿವಿ ಚೆನ್ನಾಗಿದೆ. ನನ್ನ ಕಿವಿಗಿಂತ ಚೆನ್ನಾಗಿದೆ" ಅಂದರು ಡಾಕ್ಟರು.

"ತಟ್ಟೆ ಬಿದ್ರೂ ತಿರುಗಲ್ಲ ಸಾರ್."

"ಮನೆ ಎಲ್ಲಿ?"

"ಗಿರಣಿ ಕ್ವಾರ್ಟರ್ಸು. ನಮ್ಮನೆ ಗೋಡೆ ಆಚೆಗೆ ಮಗ್ಗದ ಶೆಡ್ಡು."

"ಹಗಲೂ ರಾತ್ರಿ ಮಗ್ಗ ಹೊಡ್ಕೊಳ್ತಿದ್ರೆ ಒಂದು ತಟ್ಟೆಗೆ ಯಾವ ಮಗು ತಿರುಗತ್ತಮ್ಮಾ? ಸದ್ದು ಅಂದ್ರೆ ಅವಳಿಗೆ ಗೋಡೆ ಇದ್ದ ಹಾಗೆ, ಇರತ್ತೆ ಅಷ್ಟೇ."

ಮಾತು ಕಲಿಸುವ ಮೇಡಂ ಒಬ್ಬರಿದ್ದಾರೆ, ಅವರನ್ನು ನೋಡಿ ಅಂತ ಚೀಟಿ ಕೊಟ್ಟರು.

ಮಾರ್ಚ್ ೨೦, ಶುಕ್ರವಾರ

ಕಿವಿ ಹೋಗಿದ್ದರೆ ಮಿಷನ್ನು ಹಾಕುತ್ತಾರೆ ಅಂತೆ. ಕಿವಿ ಚೆನ್ನಾಗಿದ್ದರೆ ಏನು ಹಾಕುತ್ತಾರೆ?

ಮಾರ್ಚ್ ೨೪, ಮಂಗಳವಾರ

ಹೇಗೆ ಬರೆಯಲಿ ಇದನ್ನು?

ಮಾತಿನ ಮೇಡಂ ಕೋಣೆಯಲ್ಲಿ ಎಲ್ಲಾ ಕುರ್ಚಿಗಳೂ ಮೊಣಕಾಲೆತ್ತರ. ಗೋಡೆಗೆ ಮಕ್ಕಳ ಮಟ್ಟಕ್ಕೆ ಕನ್ನಡಿ. ನಾನು ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತೆ. ಮೇಡಂ ನನಗಿಂತ ಚಿಕ್ಕವರು. ಗೊಂಬೆ ತೋರಿಸಿದರು, ಚೆಂಡು ತೋರಿಸಿದರು, ಬೆಕ್ಕಿನ ಹಾಗೆ ಕೂಗಿದರು. ಚೋಟಿ ಅವರ ಗಲ್ಲ ಹಿಡಿದಳು. "ಅಯ್ಯೋ ಇದೇನು" ಅಂತ ಅವರು ಮುಖ ಹಿಂದಕ್ಕೆ ಎಳೆದುಕೊಂಡರು. ಚೋಟಿಗೆ ಬೇಜಾರಾಯಿತು. ಎದ್ದು ಕಪಾಟಿನಲ್ಲಿದ್ದ ಕೆಂಪು ಡಬ್ಬಿಗೆ ಕೈ ಹಾಕಿದಳು. ನಾನು ಬೇಡ, ಬಂದು ಕೂತ್ಕೋ ಅಂದೆ. ಬಂದು ಕೂತಳು.

ಮೇಡಂ ಪೆನ್ನು ಕೆಳಗಿಟ್ಟರು.

"ಈಗ ಏನಂದ್ರಿ ನೀವು?"

"ಬೇಡ, ಬಂದು ಕೂತ್ಕೋ ಅಂದೆ ಮೇಡಂ. ತಪ್ಪಾಯ್ತಾ?"

"ನನಗೆ ಕೇಳಿಸ್ಲಿಲ್ಲ."

ಇವರ ಕಿವಿಯೂ ಮಂದವೇನೋ ಅಂದುಕೊಂಡೆ. "ಜೋರಾಗಿ ಹೇಳಲಾ?"

"ಜೋರು ಅಲ್ಲ. ಧ್ವನಿಯೇ ಇರಲಿಲ್ಲ ನಿಮ್ಮ ಬಾಯಲ್ಲಿ. ಇನ್ನೊಂದ್ಸಲ ಅವಳನ್ನ ಏನಾದ್ರೂ ಕೇಳಿ. ಮನೇಲಿ ಕೇಳೋ ಹಾಗೇ."

ಹಸಿವಾ ಅಂತ ಕೇಳಿದೆ. ಚೋಟಿ ಹೇಳಿದಳು. ಮೇಡಂ ಏನಂದಳು ಅಂದರು. "ಹಸಿವಿಲ್ಲ, ಆ ಕೆಂಪು ಡಬ್ಬೀಲಿ ಏನಿದೆ, ಆಮೇಲೆ ಕೊಡ್ತಾರಾ ಅಂತಾಳೆ."

"ಇಷ್ಟುದ್ದ ಹೇಳಿದ್ಲಾ?"

"ಮನೇಲಿ ಇನ್ನೂ ಉದ್ದ ಹೇಳ್ತಾಳೆ ಮೇಡಂ. ಹೊರಗಿನವರ ಹತ್ರವೇ ಬಾಯಿ ಬಿಡಲ್ಲ."

ಮೇಡಂ ನನ್ನನ್ನು ನೋಡಿದರು. ಆಮೇಲೆ ಮೆಲ್ಲಗೆ ಒಂದೊಂದಾಗಿ ಕೇಳಿದರು. ಹಗಲು ಮಗು ಯಾರ ಹತ್ತಿರ ಇರುತ್ತದೆ? ಅತ್ತೆ ಹತ್ತಿರ. ಅತ್ತೆಗೆ ಕೇಳಿಸುತ್ತದಾ? ಇಲ್ಲ. ಧ್ವನಿ ಹಾಕಿ ಮಾತಾಡುತ್ತಾರಾ? ತಮಗೆ ಕೇಳದ ಧ್ವನಿ ಯಾಕೆ ಅಂತ ಬಿಟ್ಟುಬಿಟ್ಟಿದ್ದಾರೆ, ಎಲ್ಲಾ ತುಟಿಮಾತೇ. ನೀವು? ನಾನೂ ಅಷ್ಟೇ, ಮನೆಯಲ್ಲಿ ಅತ್ತೆ ಇರುತ್ತಾರಲ್ಲ, ಶೆಡ್ಡಿನಲ್ಲಿ ಮಗ್ಗ ಇರುತ್ತದಲ್ಲ. ಟಿವಿ? ಇದೆ, ಅತ್ತೆ ಸದ್ದು ತೆಗೆದು ನೋಡುತ್ತಾರೆ.

ಹೇಳುತ್ತಾ ಹೇಳುತ್ತಾ ಚೋಟಿಯನ್ನು ಹತ್ತಿರ ಎಳೆದುಕೊಂಡೆ.

"ಇವಳಿಗೆ ಮಾತು ಬಂದಿದೆ ಕಣಮ್ಮಾ. ಅದಕ್ಕೆ ಧ್ವನಿ ಹಾಕಬೇಕು ಅಂತ ಯಾರೂ ತೋರಿಸಿಲ್ಲ ಅಷ್ಟೇ" ಅಂದರು. ಧ್ವನಿ ಬರುತ್ತದಾ ಅಂದೆ. "ಬರತ್ತೆ ಅಂತಾನೇ ನನಗನ್ನಿಸತ್ತೆ. ಆದ್ರೆ ಇದೂ ಕಲಿಯೋದೇ, ತಡ ಮಾಡೋ ಹಾಗಿಲ್ಲ. ನಾಳೆಯಿಂದ ನೀವು ಮಾಡೋದನ್ನೆಲ್ಲಾ ಬಾಯಿಬಿಟ್ಟು ಹೇಳ್ತಾ ಹೋಗಿ. ನೀರು ಹಿಡೀತಿದೀನಿ, ಬಟ್ಟೆ ಒಣಗಾಕ್ತಿದೀನಿ ಅಂತ. ಪುಸ್ತಕ ಕೊಡ್ತೀನಿ, ಓದಿ ಹೇಳಿ."

"ನಾನು ಓದೋದು..." ಅಂತ ನಿಲ್ಲಿಸಿದೆ.

"ಚಿತ್ರ ಇದೆ ಅದರಲ್ಲಿ. ಹೆದರ್ಕೋಬೇಡಿ."

ಹೆದರಬೇಡಿ ಅಂದವರಿಗೆಲ್ಲಾ ಹೆದರಿಕೆ ಎಂದರೆ ಏನು ಅಂತ ಗೊತ್ತೇ ಇರುವುದಿಲ್ಲ.

ಮಾರ್ಚ್ ೨೫, ಬುಧವಾರ

ಮಗ್ಗ ಮಾಡಲಿಲ್ಲ. ದೇವರು ಮಾಡಲಿಲ್ಲ. ನಾನು ಮಾಡಿದ್ದು.

ಏಪ್ರಿಲ್ ೨, ಗುರುವಾರ

ಬಾಯಿಬಿಟ್ಟು ಹೇಳುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ನನಗೆ ಇರುವುದು ಎರಡೇ ಧ್ವನಿ. ಒಂದು ಇಲ್ಲದ್ದು, ಒಂದು ಶೆಡ್ಡಿನ ಬಾಗಿಲಿಂದ ಗೇಟಿಗೆ ಕೂಗುವುದು. ನಡುವಿನದು ಇಲ್ಲವೇ ಇಲ್ಲ. "ನೀರು ಹಿಡೀತಿದೀನಿ" ಅಂದೆ ಬಚ್ಚಲಲ್ಲಿ. ಚೋಟಿ ಎರಡೂ ಕೈ ಕಿವಿಗೆ ಇಟ್ಟುಕೊಂಡು ಅಜ್ಜಿ ಹತ್ತಿರ ಓಡಿದಳು. ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು, "ಯಾರ ಜೊತೆ ಜಗಳ?" ಅಂದರು.

"ಯಾರ ಜೊತೆನೂ ಇಲ್ಲ, ನೀರು ಹಿಡೀತಿದೀನಿ."

"ನಲ್ಲೀಲಿ ಬರ್ತಿಲ್ವಾ?"

"ಬರ್ತಿದೆ."

ಅವರು ಹಾಗೇ ನಿಂತು ನೋಡಿ ಹೋದರು.

ಅತ್ತೆಯದು ಇನ್ನೊಂದು. ನಾನು ಚೋಟಿಯ ಮುಂದೆ ಧ್ವನಿ ಹಾಕುವಾಗ ಮುಖ ಆಕಡೆ ಇರುತ್ತದೆ, ಅವರಿಗೆ ತುಟಿ ಕಾಣುವುದಿಲ್ಲ. ಸಂಜೆ ನನ್ನ ಗಲ್ಲ ಹಿಡಿದು ತಿರುಗಿಸಿಕೊಂಡರು. "ನನ್ನ ಮೇಲೆ ಏನು ಹೇಳಿಕೊಡ್ತಿದೀಯ ಮಗೂಗೆ?" ಅಂದರು. ಮೇಡಂ ಹೇಳಿದ್ದನ್ನೆಲ್ಲಾ ಹೇಳಿದೆ. ಪೂರ್ತಿ ನೋಡಿದರು. ಚೋಟಿಯನ್ನು ಎತ್ತಿ ನನ್ನ ತೊಡೆಯ ಮೇಲೆ ಕೂರಿಸಿ ತಾವು ಹೋಗಿ ಹೊರಗೆ ಮೆಟ್ಟಿಲ ಮೇಲೆ ಕೂತರು.

ಈಗ ಇಬ್ಬರನ್ನೂ ಕಳೆದುಕೊಳ್ಳುತ್ತೇನೇನೋ ಅನ್ನಿಸುತ್ತಿದೆ.

ಏಪ್ರಿಲ್ ೧೪, ಮಂಗಳವಾರ

ಮೇಡಂ ಕೊಟ್ಟ ಪುಸ್ತಕದಲ್ಲಿ ಒಂದು ಆಮೆ ಟೋಪಿ ಹುಡುಕಿಕೊಂಡು ಹೋಗುತ್ತದೆ. ಒಂದು ಪುಟಕ್ಕೆ ಎರಡು ಸಾಲು. ಮೊದಲು ನಾನೊಬ್ಬಳೇ ಬಚ್ಚಲ ಮನೆಯಲ್ಲಿ ಕೂತು ಓದಿ ನೋಡಿಕೊಂಡೆ. ಎಡವುವ ಕಡೆಗಳನ್ನು ಗುರುತು ಮಾಡಿಕೊಂಡೆ. ಚೋಟಿಯ ಮುಂದೆ ಕೂತ ಮೇಲೆ ಗುರುತೂ ಮರೆಯಿತು, ಬಂದದ್ದೂ ಮರೆಯಿತು. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ತಪ್ಪು ಓದಿದರೆ ತಪ್ಪೇ ಕಲಿಯುತ್ತಾಳೆ ಅಂತ ಭಯ. ಓದುವುದು ಬಿಟ್ಟು ಚಿತ್ರ ನೋಡಿ ನಾನೇ ಕಟ್ಟಿ ಹೇಳಿದೆ. ಆಮೆಗೆ ಟೋಪಿ ಬೇಕಿತ್ತು, ಯಾಕೆ ಅಂದ್ರೆ ಅದರ ಅಜ್ಜಿ ಬೋಳಿ. ಆಮೇಲೆ ಏನಾಯ್ತು?

ಮೇಡಂಗೆ ಫೋನು ಮಾಡಿ ಒಪ್ಪಿಕೊಂಡೆ, ಓದಲಿಲ್ಲ, ಸುಳ್ಳು ಹೇಳಿದೆ ಅಂತ. ಅವರು ನಕ್ಕರು. ಹಾಗೇ ಹೇಳಿ, ಬರುವ ಸಾಲಿನ ಕೆಳಗೆ ಬೆರಳು ಓಡಿಸಿ ಓದಿ, ಬಾರದ್ದನ್ನು ಕಟ್ಟಿ ಹೇಳಿ, ಪುಟ ಅವಳೇ ತಿರುಗಿಸಲಿ ಅಂದರು. ಬೋಳಿ ಅಜ್ಜಿಯನ್ನು ಅವರೂ ಇನ್ನು ಮುಂದೆ ಹೇಳುತ್ತಾರಂತೆ. ಸಮಾಧಾನಕ್ಕೆ ಹಾಗಂದರೋ ಏನೋ.

ಮೇಸ್ತ್ರಿಗೆ ಹೇಳಿ ಪಾಳಿ ಬದಲಾಯಿಸಿಕೊಂಡೆ. ಸಂಜೆ ಬೆಳಕಿರುವಾಗ ಪುಸ್ತಕ ಹಿಡಿಯಬೇಕಲ್ಲ. ಮೊದಲು ಆಗಲ್ಲ ಅಂದರು. ಯಾಕಾಗಲ್ಲ ಅಂದೆ. ಇಷ್ಟು ದಿನ ಬಾಯಿ ಎಲ್ಲಿಟ್ಟಿದ್ದೆ ಅಂದರು. ಉದ್ದಕ್ಕ ದೂರದಿಂದ ಕೈ ಎತ್ತಿ ಏನೋ ಸನ್ನೆ ಮಾಡಿದಳು, ಇಲ್ಲಿ ಬರೆಯುವಂಥದ್ದಲ್ಲ.

ಚೋಟಿ ಇನ್ನೂ ಸದ್ದು ಮಾಡಿಲ್ಲ.

ಏಪ್ರಿಲ್ ೨೬, ಭಾನುವಾರ

ಇವರ ಫೋನು ಬಂತು. ಎಲ್ಲೋ ದಾರಿಯಲ್ಲಿ ಲಾರಿ ನಿಲ್ಲಿಸಿದ್ದರು. ಮಗಳ ಹತ್ತಿರ ಕೊಡು ಅಂದರು. ಚೋಟಿಯ ಕಿವಿಗೆ ಇಟ್ಟೆ. ಅಪ್ಪನ ಧ್ವನಿ ಕೇಳಿ ಮುಖ ಅರಳಿತು. ಬಾಯಿ ತುಂಬಾ ಹೇಳಿದಳು, ಆಮೆ, ಟೋಪಿ, ಅಜ್ಜಿ, ಉದ್ದಕ್ಕ ಕೊಟ್ಟ ಬಿಸ್ಕತ್ತು, ಎಲ್ಲಾ. ಒಂದೂ ಫೋನಿನೊಳಗೆ ಹೋಗಲಿಲ್ಲ. ಅಲ್ಲಿಂದ ಅವರು ಹಲೋ, ಹಲೋ, ಇದೀಯಾ ಪುಟ್ಟಾ ಅನ್ನುತ್ತಲೇ ಇದ್ದರು.

ಅದನ್ನು ನೋಡಿಕೊಂಡು ನಿಂತಿದ್ದೆನಲ್ಲ ನಾನು.

"ಅಕ್ಕ ಹೇಳೋದೂ ಸರೀನೇ ಇದೆ ಕಣೇ" ಅಂದರು ಆಮೇಲೆ. "ಅವಳೂ ಹಾಗೇ ಬೆಳೆದಿದ್ದಲ್ವಾ."

ಹೌದು. ಅತ್ತೆ, ಮಾವ ಇಬ್ಬರಿಗೂ ಪಾಳಿ ಇತ್ತು ಅಂತ ನಾದಿನಿಯನ್ನು ಚಿಕ್ಕಂದಿನಲ್ಲೇ ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ಅಲ್ಲೇ ಓದಿದರು, ಅಲ್ಲೇ ಮಾತು ಕಲಿತರು. ಮೈಕಿನ ಕೆಲಸ ಸಿಕ್ಕಿತು. ಎಷ್ಟೋ ಊರಿನ ಜನ ಅವರ ಮಾತು ಕೇಳಿ ಬಸ್ಸು ಹತ್ತುತ್ತಾರೆ. ತಾಯಿಯ ತುಟಿ ಮಾತ್ರ ಅವರಿಗೆ ಓದಲು ಬರುವುದಿಲ್ಲ. ಬಂದಾಗೆಲ್ಲಾ ನನ್ನ ಕಡೆ ತಿರುಗಿ ಅಮ್ಮ ಏನಂತಾಳೆ ಅನ್ನುತ್ತಾರೆ. ತಾಯಿಯ ಮುಖ ನೋಡುವುದೂ ಇಲ್ಲ, ಕೇಳುವುದು ನನ್ನ ಹತ್ತಿರವಲ್ಲವಾ.

ನನಗೆ ಈಗ ಹಗಲೂ ಅದೇ ಕಣ್ಣ ಮುಂದೆ ಬರುತ್ತದೆ. ಚೋಟಿ ದೊಡ್ಡವಳಾಗಿ, ಚಪ್ಪಲಿ ಬಿಚ್ಚದೆ ಈ ಬಾಗಿಲಲ್ಲಿ ನಿಂತು, ಯಾರನ್ನೋ ಕೇಳುತ್ತಾಳೆ. ಅಮ್ಮ ಏನಂತಾಳೆ?

ಮೇ ೯, ಶನಿವಾರ

ಬಂತು. ಮೊದಲು ಅದನ್ನು ಬರೆದುಬಿಡುತ್ತೇನೆ. ಬಂತು.

ಬಸ್ಸಿನಲ್ಲಿ ಮೇಡಂ ಹತ್ತಿರ ಹೋಗುತ್ತಿದ್ದೆವು. ಈಗ ನಾನು ಕಿಟಕಿಯಲ್ಲಿ ಕಾಣುವ ಬೋರ್ಡುಗಳನ್ನೆಲ್ಲಾ ಓದುತ್ತೇನೆ. ಬೀಗದ ಅಂಗಡಿ. ಇಲ್ಲಿ ಗಾಡಿ ನಿಲ್ಲಿಸಬಾರದು. ಹಲ್ಲಿನ ಆಸ್ಪತ್ರೆ. ಮುಂದಿನ ಸೀಟಿನ ಮುದುಕರು, "ಅಮ್ಮಾ, ನನ್ನ ಕನ್ನಡಕ ಮನೇಲಿದೆ, ಅಂಚೆ ಕಚೇರಿ ಬಂದ್ರೆ ಅದನ್ನೂ ಓದಿಬಿಡು" ಅಂದರು. ಓದಿದೆ. ಅವರು ಇಳಿದುಹೋದರು. ಸಿಗ್ನಲ್ಲಿನಲ್ಲಿ ಬಸ್ಸು ನಿಂತಿತು. ಓದಲು ಏನೂ ಇರಲಿಲ್ಲ, ಬರೀ ಕಾಂಪೌಂಡು ಗೋಡೆ. ಸುಮ್ಮನಾದೆ. ಚೋಟಿ ನನ್ನ ಗಲ್ಲ ಹಿಡಿದು ತಿರುಗಿಸಿ,

"ಆಮೇಲೆ?" ಅಂದಳು.

ಧ್ವನಿ ಹಾಕಿ ಅಂದಳು. ಒರಟು ಧ್ವನಿ, ನೆಗಡಿಯಾದವರ ಹಾಗೆ. ನನಗೆ ಕೇಳಿತು. ಕಂಡಕ್ಟರಿಗೂ ಕೇಳಿರಬೇಕು. ಅವರಿಗೆ ಅದು ಏನೂ ಅಲ್ಲ, ಚೀಟಿ ಹರಿದು ಮುಂದೆ ಹೋದರು.

ನಾನು ಅತ್ತುಬಿಟ್ಟೆ. ಅತ್ತದ್ದು ನೋಡಿ ಅವಳು ಹೆದರಿದಳು. ಹೆದರಿ ಮತ್ತೆ ಬಾಯಿ ಮುಚ್ಚಿದಳು. ಇಡೀ ದಿನ ಮುಚ್ಚೇ ಇತ್ತು. ನೋಡಿ, ಬಂದದ್ದನ್ನೂ ಓಡಿಸಿದೆ ನಾನು.

ಮೇ ೧೮, ಸೋಮವಾರ

'ಆಮೇಲೆ' ಬಂದಿದೆ, 'ಕೊಡು' ಬಂದಿದೆ, 'ನಂದು' ಬಂದಿದೆ. 'ಬೋಳಿ' ಅನ್ನುವುದು ಬಹಳ ಸ್ಪಷ್ಟವಾಗಿ ಬಂದಿದೆ, ಪುಸ್ತಕದ ಯಾವ ಪುಟಕ್ಕೂ ಅದನ್ನೇ ಅನ್ನುತ್ತಾಳೆ. ಆದರೆ ಇದೆಲ್ಲಾ ನನ್ನ ಹತ್ತಿರ, ನಾನೊಬ್ಬಳೇ ಇರುವಾಗ.

ಇವತ್ತು ಕೆಲಸದಿಂದ ಬಂದಾಗ ಕಂಡದ್ದು. ಚೋಟಿ ಪುಸ್ತಕ ತೆರೆದಿಟ್ಟುಕೊಂಡು ಅಜ್ಜಿಗೆ ಓದುತ್ತಿದ್ದಳು. ಬೆರಳು ಸಾಲಿನ ಕೆಳಗೆ ಓಡುತ್ತಿತ್ತು. ಓದುವುದು ಎಲ್ಲಿಂದ, ಅವಳಿಗೆ ಒಂದಕ್ಷರ ಬಾರದು. ಆದರೆ ಪುಟಕ್ಕೆ ಸರಿಯಾಗಿ ಹೇಳುತ್ತಿದ್ದಳು. ನಾನು ಎಡವುವ ಕಡೆ ನನ್ನ ಹಾಗೇ ಬೆರಳು ನಿಲ್ಲಿಸಿ, ನನ್ನ ಹಾಗೇ ಹುಬ್ಬು ಗಂಟು ಹಾಕಿ, ಮುಂದೆ ಹೋಗುತ್ತಿದ್ದಳು. ಅತ್ತೆ ತಲೆದೂಗುತ್ತಿದ್ದರು.

ಒಂದು ಚೂರೂ ಧ್ವನಿ ಇರಲಿಲ್ಲ. ಪೂರ್ತಿ ತುಟಿಮಾತು.

ಬಂದ ಧ್ವನಿ ವಾಪಸು ಹೋಗುತ್ತಿದೆ ಅನ್ನಿಸಿತು. ಪುಸ್ತಕ ಕಿತ್ತುಕೊಂಡು ಧ್ವನಿ ಹಾಕು, ಧ್ವನಿ ಹಾಕು ಅಂದೆ. ಚೋಟಿ ಅಜ್ಜಿಯನ್ನು ತೋರಿಸಿ, ನನ್ನನ್ನು ಏನೂ ಗೊತ್ತಿಲ್ಲದವಳ ಹಾಗೆ ನೋಡಿ, "ಅಜ್ಜಿಗೆ" ಅಂದಳು. ಅತ್ತೆ ಎದ್ದು ಮೆಟ್ಟಿಲಿಗೆ ಹೋದರು.

ಮೇಡಂಗೆ ಫೋನು ಮಾಡಿದೆ. "ಸರಿಯಾಗೇ ಮಾಡಿದಾಳಲ್ಲಮ್ಮಾ. ಯಾರಿಗೆ ಯಾವ ಮಾತು ಬೇಕು ಅಂತ ತಿಳ್ಕೊಂಡಿದಾಳೆ. ಅಜ್ಜಿ ಮಾತನ್ನ ಕಿತ್ಕೋಬೇಡಿ, ಇದನ್ನೂ ಕೊಡಿ ಅಷ್ಟೇ" ಅಂದರು.

ಮೆಟ್ಟಿಲಿಗೆ ಹೋಗಿ ಅತ್ತೆಯ ಪಕ್ಕ ಕೂತೆ. ಅವರು ಮುಖ ತಿರುಗಿಸಿಕೊಂಡರು. ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿದೆ. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಗಲ್ಲ ನಾನು ಹಿಡಿದದ್ದಿಲ್ಲ. ಹೊಡೆಯುತ್ತಾರೇನೋ ಅಂದುಕೊಂಡೆ. "ತಪ್ಪಾಯ್ತು, ನಿಮಗೆ ಹೇಗೆ ಬೇಕೋ ಹಾಗೇ ಹೇಳಲಿ ಅವಳು" ಅಂದೆ. "ಆ ಆಮೆ ಅಜ್ಜಿ ಬೋಳಿ ಅಂತ ಹೇಳಿಕೊಟ್ಟಿದ್ದು ಯಾರು?" ಅಂದರು. ಬೋರ್ಡು ಓದುವವಳ ಹಾಗೆ ದೂರ ನೋಡಿದೆ.

ಮೇ ೨೬, ಮಂಗಳವಾರ

ನಾದಿನಿ ಫೋನು ಮಾಡಿದ್ದರು, ಭಾನುವಾರ ಬರುತ್ತಾರಂತೆ. "ಬಟ್ಟೆ ಜೋಡಿಸಿಡು, ಮಾತಾಡಿದ್ರೆ ಬಿಚ್ಚಿಡೋಣ" ಅಂದರು. ಜೋಡಿಸಿಟ್ಟಿದ್ದೇನೆ. ಚೀಲ ಬಾಗಿಲ ಪಕ್ಕ ಇದೆ. ಅದರ ಕಡೆ ನೋಡದ ಹಾಗೆ ಓಡಾಡುತ್ತೇನೆ.

ಹೊರಗಿನವರ ಮುಂದೆ ಇನ್ನೂ ಒಂದು ಮಾತೂ ಆಡಿಲ್ಲ ಅವಳು.

ಮೇ ೩೧, ಭಾನುವಾರ

ನಾದಿನಿ ಬಂದರು. ಚೋಟಿಯನ್ನು ಕೂರಿಸಿಕೊಂಡರು.

"ಹೇಳು ಬಂಗಾರಿ. ಏನೇನು ಕಲಿತೆ?"

ಇಲ್ಲ.

"ಅಮ್ಮ ಅನ್ನು. ಅಜ್ಜಿ ಅನ್ನು. ಏನಾದ್ರೂ ಅನ್ನು."

ಇಲ್ಲ. ನಾನು ಪುಸ್ತಕ ತಂದು ಕೈಗೆ ಕೊಟ್ಟೆ. ಅದನ್ನು ಮಡಿಲಲ್ಲಿಟ್ಟುಕೊಂಡು ನಾದಿನಿಯ ಬಾಯಿಯನ್ನೇ ನೋಡಿದಳು. ಮಾತಾಡ್ತಾಳೆ ಅಕ್ಕಾ, ನನ್ನ ಹತ್ರ ಮಾತಾಡ್ತಾಳೆ ಅಂದೆ. ಹೇಳಿದಷ್ಟೂ ಸುಳ್ಳಿನ ಹಾಗೆ ಕೇಳಿಸುತ್ತಿತ್ತು ನನಗೇ.

"ಇರಲಿ ಬಿಡು. ನಿನ್ನದೇನೂ ತಪ್ಪಿಲ್ಲ. ಈ ಮನೇನೇ ಹಾಗೆ" ಅಂದರು ನಾದಿನಿ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಎದ್ದು ಬಾಗಿಲ ಪಕ್ಕದ ಚೀಲಕ್ಕೆ ಕೈ ಹಾಕಿದರು.

"ಬಿಡಿ ಅದನ್ನ. ಚೋಟಿ ಎಲ್ಲಿಗೂ ಬರಲ್ಲ."

ಯಾರು ಮಾತಾಡಿದ್ದು ಅಂತ ನಾನೇ ತಿರುಗಿ ನೋಡಬೇಕು, ಅಂಥಾ ಧ್ವನಿ. ಪಕ್ಕದ ಮನೆಯಾಕೆ ಬಾಗಿಲಿಗೆ ಬಂದರು. ನೀರು ಹಿಡೀತಿದೀಯಾ ಅಂತ ಕೇಳಲಿಲ್ಲ, ಹಾಗೇ ಒಳಗೆ ಹೋದರು.

"ಏನಂದೆ?" ಅಂದರು ನಾದಿನಿ.

"ಅವಳು ಮಾತಾಡೋದು ಹತ್ತು ವರ್ಷ ತಡ ಆದ್ರೂ ಇಲ್ಲೇ ಮಾತಾಡ್ತಾಳೆ. ಶಿಶುವಿಹಾರಕ್ಕೂ ಇಲ್ಲಿಂದಾನೇ ಹೋಗ್ತಾಳೆ. ನಾನು ಅಲ್ಲಿನ ಮೇಡಂಗೆ ಹೇಳ್ಕೋತೀನಿ. ನಿಮ್ಮ ತಮ್ಮನಿಗೂ ಹೇಳ್ಕೋತೀನಿ."

ನಾದಿನಿಯ ಮುಖ ಕಪ್ಪಿಟ್ಟಿತು. "ಒಳ್ಳೇದು ಮಾಡೋಕೆ ಬಂದೆ ನಾನು. ನಾನು ಆ ಮನೇಲಿ ಬೆಳೆದು ಹಾಳಾಗಿದೀನಾ?" ಅಂದರು. ಧ್ವನಿ ಮೈಕಿನದಾಗಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡರು.

ಆಗ ಮೂಲೆಯಲ್ಲಿದ್ದ ಅತ್ತೆ ಕೈ ಎತ್ತಿ ಮಗಳಿಗೆ ಏನೋ ಹೇಳಿದರು. ಬಹಳ ಹೊತ್ತು ಹೇಳಿದರು. ನಾದಿನಿ ಎಂದಿನ ಹಾಗೆ ನನ್ನ ಕಡೆ ತಿರುಗಿದರು. "ಅಮ್ಮ ಏನಂತಾಳೆ?"

ಹೇಳಬೇಕು ಅಂತ ಬಾಯಿ ತೆರೆದೆ. ಎಲ್ಲಾ ಧ್ವನಿ ಆಗಲೇ ಖರ್ಚಾಗಿತ್ತೋ ಏನೋ, ತುಟಿ ಅಲುಗಿತೇ ಹೊರತು ಒಂದೂ ಹೊರಗೆ ಬರಲಿಲ್ಲ.

ಚೋಟಿ ನನ್ನನ್ನು ನೋಡಿದಳು, ನಾದಿನಿಯನ್ನು ನೋಡಿದಳು. ಕೇಳಿದವರಿಗೆ ಹೇಳಬೇಕಲ್ಲ ಅನ್ನುವ ಹಾಗೆ, ಆ ಒರಟು ಧ್ವನಿಯಲ್ಲಿ,

"ಹೋಗ್ಬೇಡ ಅಂತೆ" ಅಂದಳು.

"ಅಜ್ಜಿ ಅಂತು. ನೀನು ಹೋಗ್ಬೇಡ. ಬಂದ್ರೆ ಬೇಗ ಹೋಗ್ತೀಯಂತೆ. ಅಜ್ಜಿಗೆ ಬೇಜಾರಂತೆ." ಉಸಿರು ಎಳೆದುಕೊಂಡಳು. "ತೆಳ್ಳಗಾಗಿದೀಯಂತೆ."

ನಾದಿನಿ ಬಾಗಿಲು ತುಂಬುವಷ್ಟು ಇದ್ದಾರೆ. ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು, ಹಾಗೇ ನಿಂತುಬಿಟ್ಟರು. ನಗುತ್ತಾರೋ ಅಂದುಕೊಂಡೆ. ಹೊಸ್ತಿಲ ಮೇಲೆ ಕುಸಿದು ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಚೋಟಿ ಹೋಗಿ ಸೆರಗು ಎಳೆಯಲು ನೋಡಿದಳು. ಮುಖ ಮುಚ್ಚಿಕೊಂಡವರ ಜೊತೆ ಮಾತಾಡುವುದು ಹೇಗೆ ಅವಳಿಗೆ?

ಚೀಲ ಬಿಚ್ಚಿ ಬಟ್ಟೆ ಒಳಗಿಟ್ಟೆ. ಇದು ಇವತ್ತಿಗೆ ಮಾತ್ರವೋ ಏನೋ. ನಾಳೆ ಮತ್ತೆ ಸುಮ್ಮನಾದರೆ? ಬಟ್ಟೆಯನ್ನು ತೀರಾ ಒಳಗೆ ಇಟ್ಟಿಲ್ಲ.

ಜೂನ್ ೧, ಸೋಮವಾರ

ನಾದಿನಿ ರಾತ್ರಿ ಇಲ್ಲೇ ಉಳಿದರು. ಬೆಳಿಗ್ಗೆ ಎಲ್ಲರೂ ಅಡುಗೆಮನೆಯಲ್ಲೇ ಇದ್ದೆವು. ಶಿಶುವಿಹಾರ ಇವತ್ತು ತೆರೆಯುತ್ತದೆ, ಹೊರಡಬೇಕು. ಅಲ್ಲಿ ಅವಳು ಯಾರದಾದರೂ ಗಲ್ಲ ಹಿಡಿದು, ಅವರು 'ಕೈ ತೆಗಿ' ಅಂದರೆ? ಅಲ್ಲಿನ ಮೇಡಂ ಜೋರಿನವರಾಗಿದ್ದರೆ? ಚೋಟಿ ನಿಂತಲ್ಲಿ ನಿಲ್ಲದೆ ಅಜ್ಜಿಗೊಂದು, ನನಗೊಂದು ಹೇಳುತ್ತಾ ಓಡಾಡುತ್ತಿದ್ದಳು. ಅಜ್ಜಿಗೆ ತುಟಿಯಲ್ಲಿ, ನನಗೆ ಧ್ವನಿಯಲ್ಲಿ. ಇಷ್ಟು ಮಾತಾಡಿದರೆ ಗಂಟಲು ನೋಯುವುದಿಲ್ಲವಾ ಅಂತ ಮೇಡಂನ ಕೇಳಬೇಕು.

ಅತ್ತೆ ಹಾಲಿನ ಲೋಟ ಮಗಳ ಮುಂದಿಟ್ಟು ಏನೋ ಅಂದರು. ನಾದಿನಿ ಈಗ ನನ್ನ ಕಡೆ ತಿರುಗಲಿಲ್ಲ. ಚೋಟಿ ಕಡೆ ಬಗ್ಗಿದರು.

"ಅಮ್ಮ ಏನಂತಾಳೆ ಬಂಗಾರಿ?"

ಚೋಟಿಗೆ ಪುರುಸೊತ್ತಿರಲಿಲ್ಲ. ಒಂದು ಕಾಲಿನ ಬೂಟು ಹಾಕಿಕೊಳ್ಳುತ್ತಿದ್ದಳು. ಬೂಟು ಬಿಟ್ಟು ಎದ್ದು ಬಂದು ಎರಡೂ ಕೈಯಲ್ಲಿ ನಾದಿನಿಯ ಗಲ್ಲ ಹಿಡಿದಳು. ಆ ದೊಡ್ಡ ಮುಖವನ್ನು ಮೆಲ್ಲಗೆ ಅಜ್ಜಿಯ ಕಡೆ ತಿರುಗಿಸಿದಳು.

"ನೋಡು" ಅಂದಳು.

ಅತ್ತೆ ಇನ್ನೊಂದು ಸಲ ಹೇಳಿದರು, ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ.